ವಿಷಪರೀಕ್ಷೆಯ ಪೂರ್ವೋತ್ತರ

೧

ಕೊಳ್ಳೇಗಾಲದ ಮೂಡಣ ಬೆಟ್ಟಸೀಮೆಯಲ್ಲಿ, ಹನೂರು ರಾಮಾಪುರಗಳನ್ನು ದಾಟಿ ತಮಿಳುನಾಡಿನ ಗಡಿಗೆ ಸಮೀಪವಾಗಿ, ಸುಳ್ವಾಡಿಯೆಂಬ ಗ್ರಾಮವಿದೆ. ಅಲ್ಲಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯು ಸುತ್ತಣ ಹಳ್ಳಿಗಳ ಒಕ್ಕಲುಮಕ್ಕಳಿಗೂ ಕೂಲಿಯವರಿಗೂ ಹರಕೆಯ ತಾಣ. ೨೦೧೮ನೆಯ ಇಸವಿ ಡಿಸೆಂಬರ್ ೧೪ನೆಯ ತಾರೀಖು, ಶುಕ್ರವಾರ, ಆ ಗುಡಿಗೆ ಗೋಪುರವನ್ನು ಕಟ್ಟಿಸುವ ಸಲುವಾಗಿ ಗುದ್ದಲಿಪೂಜೆ ನಡೆಯಿತು. ಪೂಜೆ ಮುಗಿದ ತರುವಾಯ ನೆರೆದವರಿಗೆಲ್ಲ ಬಾತಿನ ಪ್ರಸಾದವನ್ನು ಹಂಚಿದರು. ವಾಸನೆ ಬೇರೆಯಾಗಿದೆಯೆಂದು ಕೆಲವರಿಗೆ ತೋರಿದ್ದಿತಂತೆ. ಆದರೆ ಪ್ರಸಾದವೆಂಬುದು ಶಂಕಿಸಿ ತಿನ್ನುವ ಪದಾರ್ಥವಲ್ಲ. ಕೈಯೊಡ್ಡಿ, ಕಣ್ಣಿಗೊತ್ತಿಕೊಂಡು ತಿಂದರು. ಸ್ವಲ್ಪ ಕಾಲದಲ್ಲಿಯೇ ವಾಂತಿ, ಬೆವರು, ಉಸಿರಿನ ಕಷ್ಟಗಳು ಕಾಣಿಸಿಕೊಂಡುವು. ಉಳಿದ ಅನ್ನವನ್ನು ತಿಂದ ಕಾಗೆಗಳೂ ನಾಯಿಗಳೂ ಗುಡಿಯ ಸುತ್ತ ಸತ್ತುಬಿದ್ದುವು. ರೋಗಿಗಳನ್ನು ಮೊದಲು ಕಾಮಗೆರೆ ಕೊಳ್ಳೇಗಾಲಗಳ ಆಸ್ಪತ್ರೆಗಳಿಗೂ, ಅಲ್ಲಿಂದ ನೂರು ಕಿಲೋಮೀಟರಿಗೆ ಮೀರಿದ ದಾರಿಯಲ್ಲಿ ಮೈಸೂರಿಗೂ ಸಾಗಿಸಿದರು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ೧೭ ಮಂದಿ ತೀರಿಕೊಂಡರು. ಬಿದರಹಳ್ಳಿಯಂತಹ ಹಳ್ಳಿಗಳಲ್ಲಿ ಒಂದೊಂದು ಮನೆಯ ದೀಪವೇ ಆರಿತು.

ಅನ್ನ ಹಳಸಿದ್ದಿರಬಹುದೆಂಬುದು ಮೊದಲು ಹುಟ್ಟಿದ ಊಹೆ. ಕೆಲವು ದಿವಸಗಳಲ್ಲಿ ವಿಧಿವಿಜ್ಞಾನ ಪ್ರಯೋಗಶಾಲೆಯ ಪರೀಕ್ಷೆಯಿಂದ ಆ ಊಹೆ ತಪ್ಪೆಂದು ಸಿದ್ಧವಾಯಿತು. ಪ್ರಸಾದದಲ್ಲಿದ್ದುದು ಮೊನೊಕ್ರೊಟೊಫಾಸ್ ಎಂಬ, ಹೊಲಗದ್ದೆಗಳಲ್ಲಿ ಹುಳುವಿಗೆ ಹೊಡೆಯುವ ಔಷಧ.

ಸುಳ್ವಾಡಿಯಲ್ಲಿ ವಿಷವನ್ನು ಎರಡು ಸಾಕ್ಷಿಗಳು ಹೇಳಿದುವೆನ್ನಬಹುದು. ಒಂದು, ಸತ್ತ ಕಾಗೆ. ಇನ್ನೊಂದು, ಪ್ರಯೋಗಶಾಲೆಯ ಯಂತ್ರ. ಮೊದಲನೆಯ ಸಾಕ್ಷಿಯನ್ನು ನಮ್ಮ ದೇಶದ ಶಾಸ್ತ್ರಕಾರರು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಬಲ್ಲರು. ಎರಡನೆಯದು ನಿನ್ನೆ ಮೊನ್ನೆ ಬಂದುದು. ಇವೆರಡರ ನಡುವಣ ದೀರ್ಘವಾದ ದಾರಿಯಲ್ಲಿ ಮನುಷ್ಯನು ಏನನ್ನು ಕಲಿತನೆಂಬುದು ಕೇವಲ ವೈದ್ಯರಿಗೂ ಪೊಲೀಸಿನವರಿಗೂ ಬಿಟ್ಟ ವಿಷಯವಲ್ಲ. ಕಾರಣ ತಿಳಿಯದ ಸಾವು ಯಾವ ಮನೆಯ ಬಾಗಿಲಿಗಾದರೂ ಬರಬಹುದು.

೨

ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರು ಮಾತ್ರವಾಗಿ ಉಳಿದಿದ್ದಿತು. ಅದರ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿ, ೧೯೧೫ರಲ್ಲಿ ಇಂಗ್ಲಿಷಿನ ಭಾಷಾಂತರವನ್ನು ಪ್ರಕಟಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಆ ಗ್ರಂಥದ ನಾಲ್ಕನೆಯ ಅಧಿಕರಣದಲ್ಲಿ ‘ಆಶುಮೃತಕಪರೀಕ್ಷೆ’ ಎಂಬ ಪ್ರಕರಣವೊಂದುಂಟು. ಆಶುಮೃತಕನೆಂದರೆ ಹಠಾತ್ತನೆ ಸತ್ತವನು. ಅಂತಹವನ ಶವಕ್ಕೆ ಎಣ್ಣೆಯನ್ನು ಸವರಿ ಪರೀಕ್ಷಿಸಬೇಕೆಂದು ಕೌಟಿಲ್ಯನು ವಿಧಿಸುತ್ತಾನೆ. ಕುತ್ತಿಗೆ ಹಿಸುಕಿದವನ ಲಕ್ಷಣ ಬೇರೆ, ನೇಣು ಬಿದ್ದವನದು ಬೇರೆ, ನೀರಿನಲ್ಲಿ ಮುಳುಗಿದವನದು ಬೇರೆ. ಕೈ, ಕಾಲು, ಹಲ್ಲು, ಉಗುರುಗಳು ಕಪ್ಪಾಗಿ, ಮಾಂಸ ಸಡಿಲವಾಗಿ, ಕೂದಲು ಉದುರಿ, ಬಾಯಲ್ಲಿ ನೊರೆ ಕಾಣಿಸಿದರೆ ಅವನು ವಿಷದಿಂದ ಸತ್ತವನು. ಅದೇ ಲಕ್ಷಣಗಳೊಡನೆ ರಕ್ತ ತೋರುವ ಕಚ್ಚಿದ ಗುರುತಿದ್ದರೆ ಸರ್ಪಾದಿಗಳಿಂದ ಹತನಾದವನು.

ಹೊರಲಕ್ಷಣಗಳಿಗೇ ಆತನು ತೃಪ್ತನಾಗಲಿಲ್ಲ. ಉಂಡುದರ ಶೇಷವನ್ನು ಪರೀಕ್ಷಿಸಬೇಕೆಂದೂ ಹೇಳಿದ್ದಾನೆ. ಇಲ್ಲಿ ಪಾಠಭೇದವಿದೆ. ಶಾಮಶಾಸ್ತ್ರಿಗಳ ಭಾಷಾಂತರದಂತೆ ಹಾಲಿನಿಂದ ಪರೀಕ್ಷೆ; ಈಚಿನ ಸಂಶೋಧಕರು ಹಿಡಿದ ಪಾಠದಂತೆ ಪಕ್ಷಿಗಳಿಂದ ಪರೀಕ್ಷೆ. ‘ಪಯಸ್’ ಎಂದರೆ ಹಾಲು, ‘ವಯಸ್’ ಎಂದರೆ ಹಕ್ಕಿ. ಒಂದೇ ಅಕ್ಷರದ ವ್ಯತ್ಯಾಸದಲ್ಲಿ ಎರಡು ಬೇರೆ ಬೇರೆ ಪ್ರಯೋಗಗಳು ಅಡಗಿವೆ. ಮುಂದೆ, ಶವದ ಒಳಗಿನಿಂದ ತೆಗೆದ ಭಾಗವನ್ನು ಬೆಂಕಿಗೆ ಹಾಕಿದಾಗ ಚಿಟಿಚಿಟಿಯೆಂದು ಸದ್ದಾದರೆ ಅಥವಾ ಕಾಮನಬಿಲ್ಲಿನ ಬಣ್ಣ ತೋರಿದರೆ ವಿಷವುಂಟೆಂದು ತಿಳಿಯಬೇಕೆಂಬುದು ಆತನ ಮತ. ಸುಶ್ರುತಸಂಹಿತೆಯ ಕಲ್ಪಸ್ಥಾನವೂ ಈ ಮಾರ್ಗವನ್ನೇ ಹಿಡಿದಿದೆ. ವಿಷಾನ್ನದ ಬಲಿಯನ್ನು ತಿಂದ ನೊಣಗಳೂ ಕಾಗೆಗಳೂ ಅಲ್ಲಿಯೇ ಸಾಯುವುವು. ಅಂತಹ ಅನ್ನ ಬೆಂಕಿಯಲ್ಲಿ ಚಟಚಟನೆ ಸಿಡಿದು ನವಿಲಿನ ಕೊರಳಿನ ಬಣ್ಣವನ್ನು ತಾಳುವುದು.

ಇವನ್ನೆಲ್ಲ ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಕೆಲವು ಲೋಹಗಳ ಲವಣಗಳು ಬೆಂಕಿಗೆ ಬಣ್ಣ ಕೊಡುವುದು ನಿಜ. ತಾಮ್ರದ ಲವಣದಿಂದ ಜ್ವಾಲೆ ನೀಲಿ ಹಸಿರಾಗುವುದನ್ನು ಈಗಿನ ಶಾಲೆಯ ಹುಡುಗರೂ ಕಂಡಿರುತ್ತಾರೆ. ಕಾಗೆಯ ಸಾಕ್ಷಿಯಂತೂ ಸುಳ್ವಾಡಿಯಲ್ಲಿಯೇ ನಿಜವಾಯಿತು. ಪ್ರಾಚೀನರ ಕೊರತೆ ನೋಟದಲ್ಲಿರಲಿಲ್ಲ, ವಿಂಗಡಣೆಯಲ್ಲಿದ್ದಿತು. ಕಾಗೆಯು ಅನ್ನದಲ್ಲಿ ಕೇಡಿದೆಯೆಂದು ಹೇಳಬಲ್ಲುದು; ಆ ಕೇಡು ಯಾವುದು, ಎಷ್ಟು ಎಂದು ಹೇಳಲಾರದು. ಕಪ್ಪಾದ ಉಗುರೂ ಬಾಯ ನೊರೆಯೂ ವಿಷದಿಂದ ಮಾತ್ರ ಬರುವುವಲ್ಲ. ಶವ ಕೆಟ್ಟರೂ ಬಣ್ಣಗೆಡುವುದು. ಅಪಸ್ಮಾರದಿಂದಲೂ ನೊರೆ ಬರುವುದು.

ಇನ್ನೊಂದು ಅಪಾಯವೂ ಇದ್ದಿತು. ವಿಷವಿಕ್ಕಿದವನ ಬಾಯಿ ಒಣಗುವುದು, ಮಾತು ತೊದಲುವುದು, ಮೈ ಬೆವರುವುದು, ಅತ್ತಿತ್ತ ನೋಡುವನು ಎಂದು ಅರ್ಥಶಾಸ್ತ್ರವೇ ಲಕ್ಷಣ ಹೇಳಿದೆ. ರಾಜನ ಮುಂದೆ ನಿಲ್ಲಿಸಲ್ಪಟ್ಟ ನಿರಪರಾಧಿಯಾದ ಅಡಿಗೆಯವನಿಗೂ ಇವೆಲ್ಲ ಆಗುವುವಲ್ಲವೇ?

ಕನ್ನಡದಲ್ಲಿ ಈ ವಿಷಯಕ್ಕೆ ಮೀಸಲಾದ ದೊಡ್ಡ ಗ್ರಂಥವೆಂದರೆ ೧೪ನೆಯ ಶತಮಾನದ ಜೈನಕವಿ ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣ. ವಿಷಗಳನ್ನು ಬಗೆಬಗೆಯಾಗಿ ವಿಂಗಡಿಸಿ ಚಿಕಿತ್ಸೆಯನ್ನು ಹೇಳುವ ಆ ಗ್ರಂಥದ ಉದ್ದೇಶ ಬದುಕಿಸುವುದು, ಸತ್ತವನ ಪರವಾಗಿ ಸಾಕ್ಷಿ ಹೇಳುವುದಲ್ಲ. ಸತ್ತ ಮೇಲಣ ಪ್ರಶ್ನೆಗೆ ಉತ್ತರ ಬರಲು ಇನ್ನೂ ಐದು ಶತಮಾನಗಳು ಕಾಯಬೇಕಾಯಿತು.

೩

ಅಷ್ಟರವರೆಗೆ ಹಳ್ಳಿಗಳಲ್ಲಿ ಆ ಪ್ರಶ್ನೆಗೆ ಜನರು ತಾವೇ ಉತ್ತರ ಹೇಳಿಕೊಳ್ಳುತ್ತಿದ್ದರು. ಮಾಟಮಂತ್ರಗಳ ಸಂಬಂಧವಾಗಿ ಕೊಳ್ಳೇಗಾಲದ ಹೆಸರು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಆ ಪ್ರಸಿದ್ಧಿ ಸೀಮೆಗೆ ಕೀರ್ತಿಯಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಮದ್ದು ಹಾಕುವುದು’ ಎಂಬ ಮಾತೊಂದು ಬಳಕೆಯಲ್ಲಿದೆ. ಯಾವನಾದರೂ ತಿಂಗಳುಗಟ್ಟಲೆ ಸೊರಗಿದರೆ, ಊಟ ಸೇರದಿದ್ದರೆ, ಇಂತಹವರ ಮನೆಯಲ್ಲಿ ಊಟ ಮಾಡಿದಾಗ ಮದ್ದು ಹಾಕಿದರೆಂದು ಮಾತು ಹುಟ್ಟುವುದು. ಮದ್ದು ತೆಗೆಯುವವರು ವಾಂತಿ ಮಾಡಿಸಿ, ಹೊರಬಿದ್ದ ಗಂಟನ್ನು ತೋರಿಸಿ, ಇದೇ ಮದ್ದೆನ್ನುವರು. ಆ ಗಂಟನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ. ಆಪಾದನೆ ಮಾತ್ರ ಉಳಿಯುವುದು. ಅದೂ ಬಹುಮಟ್ಟಿಗೆ ಒಬ್ಬ ವಿಧವೆಯ ಮೇಲೆಯೋ, ಹೊಸದಾಗಿ ಬಂದ ಸೊಸೆಯ ಮೇಲೆಯೋ, ದಿಕ್ಕಿಲ್ಲದ ನೆರೆಯವಳ ಮೇಲೆಯೋ. ಅವಳ ಮನೆಯ ನೀರನ್ನೂ ಊರು ಮುಟ್ಟದು.

ಇದಕ್ಕೆ ಪ್ರತಿಯಾದ ಅನ್ಯಾಯವೂ ಉಂಟು. ನಿಜವಾಗಿ ವಿಷದಿಂದ ಸತ್ತವನನ್ನು ಹಾವು ಮುಟ್ಟಿತೆಂದೋ, ಗಾಳಿ ಸೋಕಿತೆಂದೋ, ಅಮ್ಮನ ಕೋಪವೆಂದೋ ಹೇಳಿ ಸೂರ್ಯ ಮುಳುಗುವುದರೊಳಗಾಗಿ ಸುಟ್ಟೋ ಹೂಳಿಯೋ ಬಿಡುವುದು. ಒಂದು ಕಡೆ ಇಲ್ಲದ ವಿಷಕ್ಕೆ ಇದ್ದವರು ಬಲಿ. ಇನ್ನೊಂದು ಕಡೆ ಇದ್ದ ವಿಷಕ್ಕೆ ಕೇಳುವವರಿಲ್ಲ. ವಿಷಪರೀಕ್ಷೆಯ ಶಾಸ್ತ್ರ ಹುಟ್ಟಿದುದು ಈ ಎರಡು ಅನ್ಯಾಯಗಳನ್ನೂ ಒಟ್ಟಿಗೆ ತಡೆಯುವುದಕ್ಕಾಗಿ. ಅಪರಾಧಿಯನ್ನು ಹಿಡಿಯುವುದು ಅದರ ಒಂದು ಕೈಯಾದರೆ, ನಿರಪರಾಧಿಯನ್ನು ಬಿಡಿಸುವುದು ಅದರ ಇನ್ನೊಂದು ಕೈ.

೪

ಆ ಶಾಸ್ತ್ರಕ್ಕೆ ತಳಹದಿ ಬಿದ್ದುದು ಯೂರೋಪಿನಲ್ಲಿ. ಮಿನೋರ್ಕ ದ್ವೀಪದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲಸಿದ ಓರ್ಫಿಲ ಎಂಬ ವೈದ್ಯನು ೧೮೧೪ರಲ್ಲಿ ವಿಷಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಲಾರಂಭಿಸಿದನು. ಆ ಕಾಲದಲ್ಲಿ ಎಲ್ಲರೂ ಹೆದರುತ್ತಿದ್ದ ವಿಷ ಪಾಷಾಣ. ರುಚಿಯಿಲ್ಲ, ವಾಸನೆಯಿಲ್ಲ, ಅದರ ಲಕ್ಷಣಗಳು ವಾಂತಿಭೇದಿಯ ಲಕ್ಷಣಗಳನ್ನೇ ಹೋಲುವುವು. ೧೮೩೨ರಲ್ಲಿ ಇಂಗ್ಲೆಂಡಿನಲ್ಲಿ ಅಜ್ಜನಿಗೆ ಕಾಫಿಯಲ್ಲಿ ಪಾಷಾಣವಿಕ್ಕಿದನೆಂದು ಒಬ್ಬ ಯುವಕನ ವಿಚಾರಣೆಯಾಯಿತು. ಜೇಮ್ಸ್ ಮಾರ್ಷ್ ಎಂಬ ರಸಾಯನಜ್ಞನು ಪಾಷಾಣವನ್ನು ಹಳದಿಯ ಗಸಿಯಾಗಿ ಕಂಡಿದ್ದನು. ಆದರೆ ನ್ಯಾಯಾಲಯಕ್ಕೆ ಒಯ್ಯುವ ವೇಳೆಗೆ ಆ ಗಸಿ ಕೆಟ್ಟಿದ್ದಿತು. ಪಂಚರು ನಂಬಲಿಲ್ಲ, ಯುವಕನು ಬಿಡುಗಡೆ ಹೊಂದಿದನು, ಮುಂದೆ ತಾನೇ ತಪ್ಪನ್ನು ಒಪ್ಪಿಕೊಂಡನು. ಈ ಸೋಲಿನಿಂದ ನೊಂದ ಮಾರ್ಷನು ಕೆಡದ ಸಾಕ್ಷಿಯನ್ನು ಹುಡುಕತೊಡಗಿ ೧೮೩೬ರಲ್ಲಿ ತನ್ನ ಪರೀಕ್ಷೆಯನ್ನು ಪ್ರಕಟಿಸಿದನು. ಸಂಶಯದ ಪದಾರ್ಥವನ್ನು ಸತುವಿನೊಡನೆಯೂ ಆಮ್ಲದೊಡನೆಯೂ ಬೆರಸಿದರೆ, ಅದರಲ್ಲಿಯ ಪಾಷಾಣವು ಅನಿಲವಾಗಿ ಏಳುವುದು. ಆ ಅನಿಲವನ್ನು ಕಾಸಿದ ಗಾಜಿನ ನಳಿಗೆಯಲ್ಲಿ ಹಾಯಿಸಿದರೆ ಕಪ್ಪಾಗಿ ಹೊಳೆಯುವ ಕನ್ನಡಿಯಂತೆ ಗಾಜಿಗೆ ಅಂಟಿಕೊಳ್ಳುವುದು. ಆ ಕನ್ನಡಿಯನ್ನು ನ್ಯಾಯಾಧೀಶನೂ ಕಣ್ಣಾರೆ ನೋಡಬಹುದು.

೧೮೪೦ರಲ್ಲಿ ಫ್ರಾನ್ಸಿನಲ್ಲಿ ಲಾಫಾರ್ಜ್ ಎಂಬವನ ಸಾವಿನ ವಿಚಾರಣೆಯಲ್ಲಿ ಈ ಪರೀಕ್ಷೆಯ ಬಲವೂ ಬಲಹೀನತೆಯೂ ಬಯಲಾದುವು. ಪರೀಕ್ಷಿಸಿದವರಲ್ಲಿ ಕೆಲವರು ಪಾಷಾಣ ಸಿಕ್ಕಿತೆಂದರು, ಕೆಲವರು ಇಲ್ಲವೆಂದರು. ಕಡೆಗೆ ಓರ್ಫಿಲನೇ ಬಂದು ಶವದಲ್ಲಿ ಪಾಷಾಣವಿದೆಯೆಂದು ತೋರಿಸಿದನು. ಅವನು ಶವದೊಡನೆ ಗೋರಿಯ ಮಣ್ಣನ್ನೂ, ತಾನು ಬಳಸಿದ ಆಮ್ಲಾದಿಗಳನ್ನೂ ಪರೀಕ್ಷೆಗೆ ಗುರಿಮಾಡಿದನು. ಮಣ್ಣಿನಲ್ಲಿಯೇ ಪಾಷಾಣವಿದ್ದರೆ, ಔಷಧದ ಸೀಸೆಯಲ್ಲಿಯೇ ಪಾಷಾಣವಿದ್ದರೆ, ಶವದಲ್ಲಿ ಸಿಕ್ಕಿದುದಕ್ಕೆ ಬೆಲೆಯೇನು? ಪರೀಕ್ಷೆಯನ್ನೇ ಪರೀಕ್ಷಿಸಬೇಕೆಂಬ ಈ ವಿವೇಕವು ಶಾಸ್ತ್ರಕ್ಕೆ ಅಂದು ಬಂದಿತು.

ಲೋಹವಿಷಗಳು ಹೀಗೆ ಸಿಕ್ಕಿದರೂ ಗಿಡಮೂಲಿಕೆಯ ವಿಷಗಳು ಸಿಕ್ಕಲಿಲ್ಲ. ಅವು ಶರೀರದ ಮಾಂಸರಸಗಳಲ್ಲಿ ಬೆರೆತು, ಸುಟ್ಟರೆ ತಾವೂ ಸುಟ್ಟುಹೋಗುವುವು. ೧೮೫೦ರಲ್ಲಿ ಬೆಲ್ಜಿಯಮಿನಲ್ಲಿ ಒಬ್ಬ ಶ್ರೀಮಂತನು ತನ್ನ ಹೆಂಡತಿಯ ತಮ್ಮನನ್ನು ಹೊಗೆಸೊಪ್ಪಿನಿಂದ ತೆಗೆದ ನಿಕೊಟಿನ್ ವಿಷದಿಂದ ಕೊಂದನು. ಸ್ಟಾಸ್ ಎಂಬ ರಸಾಯನಜ್ಞನು ಶವದ ಭಾಗಗಳನ್ನು ಮದ್ಯಸಾರದಲ್ಲಿಯೂ ಆಮ್ಲದಲ್ಲಿಯೂ ನೆನೆಸಿ, ಸೋಸಿ, ಬಳಿಕ ಕ್ಷಾರವನ್ನು ಬೆರಸಿ ಈಥರಿನಿಂದ ತೊಳೆದು, ಮಾಂಸವನ್ನು ಹಿಂದೆ ಬಿಟ್ಟು ವಿಷವನ್ನು ಮಾತ್ರ ಹೊರತೆಗೆದನು. ಹಂಸವು ನೀರನ್ನು ಬಿಟ್ಟು ಹಾಲನ್ನು ಹೀರುವುದೆಂಬ ಕವಿಸಮಯವನ್ನು ಆತನು ಸೀಸೆಯಲ್ಲಿ ನಡೆಸಿ ತೋರಿಸಿದಂತಾಯಿತು. ಇಂದಿಗೂ ಪ್ರಯೋಗಶಾಲೆಗಳು ಶವದಿಂದ ವಿಷವನ್ನು ಬೇರ್ಪಡಿಸುವ ಕ್ರಮಗಳಲ್ಲಿ ಹಲವು ಈ ಮೂಲದಿಂದಲೇ ಬೆಳೆದುವು.

೫

ಈ ವಿದ್ಯೆ ಭಾರತಕ್ಕೆ ಬರಲು ತಡವಾಗಲಿಲ್ಲ. ೧೮೪೯ರಲ್ಲಿಯೇ ಮದರಾಸಿನಲ್ಲಿ ಸರ್ಕಾರದ ರಾಸಾಯನಿಕ ಪರೀಕ್ಷಕರ ಪ್ರಯೋಗಶಾಲೆ ಏರ್ಪಟ್ಟಿತು. ದೇಶದಲ್ಲಿ ಇಂತಹ ಪ್ರಯೋಗಶಾಲೆಗಳಲ್ಲಿ ಅದೇ ಮೊದಲನೆಯದು. ಕಲ್ಕತ್ತ, ಆಗ್ರಾ, ಬೊಂಬಾಯಿಗಳವು ಅನಂತರ ಬಂದುವು. ಇಲ್ಲಿ ಈ ಸೀಮೆಯ ಪೂರ್ವಚರಿತ್ರೆಯನ್ನು ನೆನೆಯಬೇಕು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಕೊಳ್ಳೇಗಾಲದ ಸೀಮೆ ಕಂಪೆನಿಯ ವಶವಾಗಿ ಮದರಾಸಿನ ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಬರುವವರೆಗೂ ಹಾಗೆಯೇ ಇದ್ದಿತು. ಹನೂರು ಅದರ ಭಾಗವಾಗಿದ್ದಿತು. ಯಳಂದೂರಾದರೋ ಮೈಸೂರು ಸಂಸ್ಥಾನದೊಳಗೇ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಕೆಲವೇ ಹರಿದಾರಿಗಳ ಅಂತರದಲ್ಲಿದ್ದ, ಒಂದೇ ಭಾಷೆಯನ್ನಾಡುತ್ತಿದ್ದ ಎರಡು ಊರುಗಳಲ್ಲಿ ಒಂದರ ಪೊಲೀಸು, ನ್ಯಾಯಸ್ಥಾನ, ವೈದ್ಯಾಧಿಕಾರಿಗಳು ಮದರಾಸಿನ ಸರ್ಕಾರವನ್ನು ನೋಡುತ್ತಿದ್ದರು. ಇನ್ನೊಂದರವರು ಸಂಸ್ಥಾನವನ್ನು ನೋಡುತ್ತಿದ್ದರು.

ಆ ಕಾಲದ ಪರೀಕ್ಷಕರಿಗೆ ಈ ನಾಡಿನ ವಿಷಗಳೇ ಹೊಸ ಪಾಠವಾದುವು. ದಾರಿಹೋಕರಿಗೆ ತಿಂಡಿಯಲ್ಲಿ ಉಮ್ಮತ್ತಿಯ ಬೀಜವನ್ನು ಬೆರಸಿಕೊಟ್ಟು, ಅವರು ಮತಿಗೆಟ್ಟಾಗ ದೋಚುವ ಕಳ್ಳರು ಉತ್ತರ ದಕ್ಷಿಣಗಳೆರಡರಲ್ಲಿಯೂ ಇದ್ದರು. ಕಣಗಿಲೆಯ ಬೇರು, ವತ್ಸನಾಭಿ, ಗುಲಗಂಜಿ, ಅಫೀಮು ಇವೆಲ್ಲ ನ್ಯಾಯಾಲಯದ ಕಾಗದಗಳಲ್ಲಿ ಕಾಣಿಸಿಕೊಂಡುವು. ಸ್ವತಂತ್ರ ಭಾರತದಲ್ಲಿ ಮೊದಲ ವಿಧಿವಿಜ್ಞಾನ ಪ್ರಯೋಗಶಾಲೆ ೧೯೫೨ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಎಂಬವರು ಅನಿಲದ ಪ್ರವಾಹದಲ್ಲಿ ಪದಾರ್ಥಗಳನ್ನು ಬೇರ್ಪಡಿಸುವ ಕ್ರಮವನ್ನು ಪ್ರಕಟಿಸಿದರು. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಪ್ರಯೋಗಶಾಲೆ ಬಂದು, ಕಾಲಕ್ರಮದಲ್ಲಿ ಮೈಸೂರು ಮೊದಲಾದೆಡೆ ಅದರ ಶಾಖೆಗಳಾದುವು.

ಇದರ ಅಗತ್ಯವನ್ನು ೧೯೮೧ರ ಜುಲೈ ತಿಂಗಳು ಬೆಂಗಳೂರಿಗೆ ಘೋರವಾಗಿ ಕಲಿಸಿತು. ಕಳ್ಳಭಟ್ಟಿಯನ್ನು ಕುಡಿದು ಮುನ್ನೂರಕ್ಕೂ ಮೇಲ್ಪಟ್ಟು ಬಡವರು ಸತ್ತರು. ಕುಡಿಯುವ ಮದ್ಯಸಾರಕ್ಕೂ ಕೊಲ್ಲುವ ಮಿಥೈಲ್ ಮದ್ಯಸಾರಕ್ಕೂ ಬಣ್ಣದಲ್ಲಿ ಭೇದವಿಲ್ಲ. ವಾಸನೆಯಲ್ಲಿಯೂ ಕುಡಿಯುವವನಿಗೆ ಭೇದ ತಿಳಿಯದು. ಭೇದವನ್ನು ಹೇಳಬಲ್ಲುದು ಪ್ರಯೋಗಶಾಲೆ ಮಾತ್ರ.

೬

ಈಗ ಪರೀಕ್ಷೆ ನಡೆಯುವ ಕ್ರಮವನ್ನು ನೋಡಬಹುದು. ಕಾರಣ ತಿಳಿಯದೆ ಒಬ್ಬನು ಸತ್ತರೆ ಪೊಲೀಸಿನವರು ಪಂಚರ ಸಮಕ್ಷಮದಲ್ಲಿ ಶವದ ಮಹಜರು ಮಾಡಿ ಅಸ್ವಾಭಾವಿಕ ಮರಣವೆಂದು ದಾಖಲೆ ಮಾಡುವರು. ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ೧೭೪ನೆಯ ಕಲಮು ಇದನ್ನು ವಿಧಿಸಿದ್ದಿತು. ೨೦೨೪ರ ಜುಲೈ ೧ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೯೪ನೆಯ ಕಲಮು ಅದರ ಸ್ಥಾನದಲ್ಲಿದೆ. ಅನಂತರ ವೈದ್ಯರು ಶವಪರೀಕ್ಷೆ ನಡೆಸಿ, ವಿಷದ ಶಂಕೆಯಿದ್ದರೆ ಜಠರವನ್ನೂ ಅದರೊಳಗಿನದನ್ನೂ, ಕರುಳಿನ ತುಂಡನ್ನೂ, ಯಕೃತ್ತು ಮೂತ್ರಪಿಂಡಗಳ ಭಾಗಗಳನ್ನೂ, ರಕ್ತವನ್ನೂ ತೆಗೆದಿಡುವರು. ಅಂಗಗಳು ಕೆಡದಂತೆ ದಟ್ಟವಾದ ಉಪ್ಪುನೀರಿನಲ್ಲಿ ಇಡುವರು. ರಕ್ತಕ್ಕೆ ಬೇರೆ ಲವಣವನ್ನು ಸೇರಿಸುವರು. ಬಳಸಿದ ಉಪ್ಪುನೀರಿನ ಮಾದರಿಯನ್ನೂ ಒಂದು ಸೀಸೆಯಲ್ಲಿ ಕಳುಹಿಸುವರು. ಓರ್ಫಿಲನ ವಿವೇಕ ಇಂದಿಗೂ ಹೀಗೆ ನಡೆಯುತ್ತಿದೆ. ಸೀಸೆಗಳಿಗೆ ಮೊಹರು ಬೀಳುವುದು. ಯಾರ ಕೈಯಿಂದ ಯಾರ ಕೈಗೆ ಯಾವ ದಿವಸ ಹೋಯಿತೆಂಬುದು ಬರಹದಲ್ಲಿರಬೇಕು. ಮೊಹರು ಒಡೆದಿದ್ದರೆ, ಬರಹದಲ್ಲಿ ಒಂದು ದಿವಸ ತಪ್ಪಿದ್ದರೆ, ಎಷ್ಟು ಸೂಕ್ಷ್ಮವಾದ ಯಂತ್ರವೂ ನ್ಯಾಯಾಲಯದಲ್ಲಿ ಮೂಕವಾಗುವುದು.

ಪ್ರಯೋಗಶಾಲೆಯಲ್ಲಿ ಮೊದಲು ಶೋಧನೆ, ಆಮೇಲೆ ನಿಶ್ಚಯ. ಯಾವ ವರ್ಗದ ಪದಾರ್ಥವಿರಬಹುದೆಂದು ಬಣ್ಣದ ಪರೀಕ್ಷೆಗಳಿಂದಲೂ, ತೆಳುವಾದ ಲೇಪದ ಫಲಕದ ಮೇಲೆ ಪದಾರ್ಥಗಳು ಬೇರೆ ಬೇರೆ ಎತ್ತರಕ್ಕೆ ಏರುವ ಕ್ರಮದಿಂದಲೂ, ನಿದ್ರೆಯ ಮಾತ್ರೆ ಅಫೀಮು ಮೊದಲಾದವನ್ನು ಪ್ರತಿಕಾಯಗಳ ಪರೀಕ್ಷೆಯಿಂದಲೂ ಗುರುತಿಸುವರು. ಇದಿಷ್ಟೇ ಆದರೆ ಶಂಕೆ ಮಾತ್ರ. ನಿಶ್ಚಯಕ್ಕೆ ಬೇರೆಯೇ ತತ್ತ್ವದ ಎರಡನೆಯ ಪರೀಕ್ಷೆ ಬೇಕು. ಸಾರವನ್ನು ಆವಿ ಮಾಡಿ ಕೂದಲೆಳೆಯಂತಹ ಉದ್ದ ನಳಿಗೆಯಲ್ಲಿ ಹಾಯಿಸಿದರೆ, ಒಂದೊಂದು ಪದಾರ್ಥವೂ ತನ್ನದೇ ಆದ ಕಾಲಕ್ಕೆ ಹೊರಬರುವುದು. ಹೊರಬಂದುದನ್ನು ಯಂತ್ರವು ಚೂರುಮಾಡಿ ಆ ಚೂರುಗಳ ತೂಕವನ್ನು ನೋಡುವುದು. ಹೊರಬಂದ ಕಾಲವೂ ಚೂರುಗಳ ತೂಕವೂ ಪರಿಚಿತ ಪದಾರ್ಥದ ಮಾದರಿಯೊಡನೆ ಕೂಡಿಬಂದರೆ ಆಗ ಹೆಸರಿಡುವರು.

ಮೊನೊಕ್ರೊಟೊಫಾಸಿನ ವರ್ಗಕ್ಕೆ ಸೇರಿದ ವಿಷಗಳು ನರಗಳಿಗೂ ಸ್ನಾಯುಗಳಿಗೂ ನಡುವೆ ಕೆಲಸಮಾಡುವ ಒಂದು ಕಿಣ್ವವನ್ನು ಕಟ್ಟಿಹಾಕುವುವು. ನರವು ಕೊಟ್ಟ ಆಜ್ಞೆ ಅಳಿಸಿಹೋಗದೆ ನಿಂತುಬಿಡುವುದು. ಜೊಲ್ಲು, ಬೆವರು, ವಾಂತಿಗಳು ಮಿತಿಮೀರುವುವು. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುವುದು. ಕಡೆಗೆ ಉಸಿರೆಳೆಯುವ ಸ್ನಾಯುಗಳು ಸೋಲುವುವು. ರಕ್ತದಲ್ಲಿ ಆ ಕಿಣ್ವದ ಬಲ ಕುಂದಿರುವುದನ್ನು ಅಳೆದರೆ ವಿಷದ ವರ್ಗ ತಿಳಿಯುವುದು. ಇದಕ್ಕೆ ವೈದ್ಯರು ಕೊಡುವ ಮುಖ್ಯವಾದ ಔಷಧ ಅಟ್ರೊಪಿನ್. ಆ ಅಟ್ರೊಪಿನ್ ಉಮ್ಮತ್ತಿಯಲ್ಲಿಯೂ ಅದರ ಕುಲದ ಗಿಡಗಳಲ್ಲಿಯೂ ಇರುವ ಸತ್ತ್ವವೇ. ಒಂದು ಕಾಲಕ್ಕೆ ದಾರಿಗಳ್ಳರ ಕೈಯಲ್ಲಿ ವಿಷವಾಗಿದ್ದುದು ಇನ್ನೊಂದು ಕಾಲಕ್ಕೆ ವೈದ್ಯನ ಕೈಯಲ್ಲಿ ಪ್ರಾಣರಕ್ಷಕವಾಗಿದೆ. ವಿಷವೂ ಔಷಧವೂ ಪ್ರಮಾಣದಿಂದಲೂ ಸಂದರ್ಭದಿಂದಲೂ ಆಗತಕ್ಕವೆಂಬ ಹಳೆಯ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

೭

ಇಷ್ಟೆಲ್ಲ ಬಲವಿದ್ದರೂ ಈ ಶಾಸ್ತ್ರ ಸರ್ವಜ್ಞವಲ್ಲ. ವಿಷ ಸಿಕ್ಕಲಿಲ್ಲವೆಂದ ಮಾತ್ರಕ್ಕೆ ವಿಷವಿರಲಿಲ್ಲವೆಂದು ಅರ್ಥವಾಗದು. ಅದು ವಾಂತಿಯಲ್ಲಿ ಹೋಗಿರಬಹುದು. ಆಸ್ಪತ್ರೆಯಲ್ಲಿ ದಿನಗಳು ಕಳೆದು ಶರೀರವೇ ಅದನ್ನು ಕರಗಿಸಿರಬಹುದು. ಶವ ಕೊಳೆತು ನಾಶವಾಗಿರಬಹುದು. ಹಾವಿನ ವಿಷವು ಸಾಮಾನ್ಯವಾದ ರಾಸಾಯನಿಕ ಪರೀಕ್ಷೆಗೆ ಸಿಕ್ಕದು. ವಿಷ ಸಿಕ್ಕಿತೆಂದ ಮಾತ್ರಕ್ಕೆ ಅದೇ ಕೊಂದಿತೆಂದೂ ಹೇಳಲಾಗದು. ಕೊಳೆಯುವ ಶವದಲ್ಲಿ ಮದ್ಯಸಾರವು ತಾನಾಗಿಯೇ ಹುಟ್ಟಬಹುದು. ಸತ್ತ ಮೇಲೆ ಕೆಲವು ಔಷಧಗಳು ಅಂಗಗಳಿಂದ ಹೃದಯದ ರಕ್ತಕ್ಕೆ ಇಳಿದು ಇದ್ದುದಕ್ಕಿಂತ ಹೆಚ್ಚಾಗಿ ತೋರಬಹುದು. ಆದುದರಿಂದಲೇ ತೊಡೆಯ ರಕ್ತನಾಳದಿಂದ ರಕ್ತವನ್ನು ತೆಗೆಯುವರು. ರೋಗಕ್ಕೆ ನಿತ್ಯವೂ ಮಾತ್ರೆ ತಿನ್ನುತ್ತಿದ್ದವನಲ್ಲಿ ಮಾತ್ರೆಯ ಅಂಶ ಇದ್ದೇ ಇರುವುದು. ಎಷ್ಟಿದ್ದಿತು, ಆ ಪ್ರಮಾಣ ಅವನಿಗೆ ಹೆಚ್ಚೇ ಕಡಿಮೆಯೇ, ರೋಗವೇನು ಎಂಬುದನ್ನು ಶವಪರೀಕ್ಷೆಯೊಡನೆ ಕೂಡಿಸಿ ನೋಡಿದ ಮೇಲೆಯೇ ತೀರ್ಮಾನ.

ಎಲ್ಲಕ್ಕೂ ಮಿಗಿಲಾದ ಮಿತಿಯೊಂದಿದೆ. ಯಂತ್ರವು ವಿಷದ ಹೆಸರನ್ನು ಹೇಳುವುದು, ವಿಷವಿಕ್ಕಿದವನ ಹೆಸರನ್ನು ಹೇಳದು. ಸುಳ್ವಾಡಿಯ ಪ್ರಕರಣದಲ್ಲಿ ಅದೇ ಡಿಸೆಂಬರಿನಲ್ಲಿ ನಾಲ್ವರನ್ನು ಬಂಧಿಸಿದರು. ಗುಡಿಯ ಆಡಳಿತದ ಬಗೆಗಿನ ವೈಮನಸ್ಯವೇ ಕಾರಣವೆಂದು ಪೊಲೀಸಿನವರು ಆಪಾದಿಸಿದರು. ಆ ಆಪಾದನೆಯನ್ನು ತೂಗಿ ನೋಡುವುದು ಸಾಕ್ಷಿಗಳನ್ನು ಕೇಳುವ ನ್ಯಾಯಾಲಯದ ಧರ್ಮ. ಪ್ರಯೋಗಶಾಲೆಯದೂ ಅಲ್ಲ, ಊರ ಕಟ್ಟೆಯದೂ ಅಲ್ಲ. ಕೌಟಿಲ್ಯನು ಸಹ ಶವದ ಪರೀಕ್ಷೆಯನ್ನು ಹೇಳಿದ ಬಳಿಕ, ಸತ್ತವನಿಗೆ ಯಾರು ಯಾರೊಡನೆ ವೈರವಿದ್ದಿತು, ಯಾರು ಅವನಿಂದ ನೊಂದಿದ್ದರು ಎಂಬುದನ್ನು ಬೇರೆಯಾಗಿ ವಿಚಾರಿಸಬೇಕೆಂದು ಹೇಳುತ್ತಾನೆ. ಏನು ಕೊಂದಿತೆಂಬುದು ಒಂದು ಪ್ರಶ್ನೆ, ಯಾರು ಕೊಂದರೆಂಬುದು ಇನ್ನೊಂದು ಪ್ರಶ್ನೆ.

ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕುವಂತೆ ಮಾಡುವುದು ಬಹುಮಟ್ಟಿಗೆ ಸಾಮಾನ್ಯ ಗೃಹಸ್ಥರ ಕೈಯಲ್ಲಿದೆ. ಸಂಶಯದ ಅನ್ನದ ಪಾತ್ರೆಯನ್ನು ಮೈಲಿಗೆಯೆಂದು ತೊಳೆದಿಡದೆ ಮುಚ್ಚಿಡುವುದು, ಔಷಧದ ಸೀಸೆಯೋ ಮಾತ್ರೆಯ ಹಾಳೆಯೋ ಸಿಕ್ಕಿದರೆ ವೈದ್ಯರಿಗೆ ತೋರಿಸುವುದು, ಮಾನಕ್ಕೆ ಅಂಜಿ ಶವವನ್ನು ಅವಸರದಲ್ಲಿ ಸುಡದಿರುವುದು, ಇವು ಸಣ್ಣ ಕೆಲಸಗಳಾಗಿ ಕಾಣಬಹುದು. ಸತ್ತವನ ಸಾಕ್ಷ್ಯ ಉಳಿಯುವುದು ಇವುಗಳಲ್ಲಿಯೇ. ಹೊಲಕ್ಕೆ ತಂದ ವಿಷವನ್ನು ಅಡಿಗೆಮನೆಯ ಅಟ್ಟದಲ್ಲಿ ಎಣ್ಣೆಯ ಸೀಸೆಯ ಪಕ್ಕದಲ್ಲಿಡುವ ರೂಢಿಯೂ ನಿಲ್ಲಬೇಕು. ೨೦೧೩ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟದೊಡನೆ ೨೩ ಮಕ್ಕಳನ್ನು ಕೊಂದುದೂ ಇದೇ ಮೊನೊಕ್ರೊಟೊಫಾಸ್. ತರಕಾರಿಗಳಿಗೆ ಅದನ್ನು ಬಳಸಬಾರದೆಂದು ಸರ್ಕಾರ ೨೦೦೫ರಲ್ಲಿಯೇ ನಿಷೇಧಿಸಿದ್ದಿತು. ಆದರೆ ಅಂಗಡಿಯಲ್ಲಿ ಅದು ಸುಲಭವಾಗಿಯೇ ಸಿಕ್ಕುತ್ತಿದ್ದಿತು.

ಸುಳ್ವಾಡಿಯ ಗುಡಿಯ ಬಾಗಿಲು ಸುಮಾರು ಎರಡು ವರ್ಷಗಳ ಕಾಲ ಮುಚ್ಚಿದ್ದು, ೨೦೨೦ರಲ್ಲಿ ಮತ್ತೆ ತೆರೆಯಿತು. ಅಲ್ಲಿ ಸತ್ತವರು ಹೆಸರಾದವರಲ್ಲ; ಹೊಲದಲ್ಲಿಯೂ ಕೂಲಿಯಲ್ಲಿಯೂ ದುಡಿದು ಬದುಕುತ್ತಿದ್ದ ಮಂದಿ. ಒಂದೇ ದಿವಸ ಅಷ್ಟು ಜನ ಬಿದ್ದುದರಿಂದ ನಾಡೆಲ್ಲ ತಿರುಗಿ ನೋಡಿತು. ಒಬ್ಬೊಬ್ಬರಾಗಿ, ಬೇರೆ ಬೇರೆ ಹಳ್ಳಿಗಳಲ್ಲಿ, ಬೇರೆ ಬೇರೆ ದಿವಸಗಳಲ್ಲಿ ಸತ್ತಿದ್ದರೆ ಕೇಳುವವರಾರು? ಹಾವೆಂದೋ ಮದ್ದೆಂದೋ ಅಮ್ಮನ ಮುನಿಸೆಂದೋ ಆಗಿಹೋಗುತ್ತಿದ್ದಿತು. ಒಬ್ಬಂಟಿಯಾಗಿ ಸತ್ತ ಬಡವನ ಸಾವಿಗೂ ಅದೇ ಮೊಹರಿನ ಸೀಸೆ, ಅದೇ ಸಾವಧಾನದ ಪರೀಕ್ಷೆ, ಅದೇ ಉತ್ತರ ದೊರೆಯುವಂತಾದ ದಿವಸ, ಮದರಾಸಿನಲ್ಲಿ ೧೮೪೯ರಲ್ಲಿ ಮೊದಲಾದ ಕೆಲಸವು ಈ ಸೀಮೆಯ ಮಟ್ಟಿಗೆ ಪೂರ್ಣವಾಯಿತೆಂದು ಹೇಳಬಹುದು.